ಡಿಫರೆನ್ಷಿಯಲ್ಲು, ಕೆಸರುಗದ್ದೆ ಮತ್ತು ನನ್ನ ಆಟದ ಕಾರು

ಕಳೆದ ಶನಿವಾರ ರಾತ್ರಿ ಹನ್ನೊಂದು ಗಂಟೆ. ಅಡುಗೆಮನೆಯ ಟೇಬಲ್ ಮೇಲೆ ಹಳೇ ಟವೆಲ್ ಹಾಸಿಕೊಂಡು ಕೂತಿದ್ದೆ. ಟವೆಲ್ ಮೇಲೆ ಅಕ್ಕಿಕಾಳಿನಷ್ಟು ದೊಡ್ಡ ನಾಲ್ಕು ಸ್ಕ್ರೂ, ಕಡಲೆಕಾಳಿನಷ್ಟು ದೊಡ್ಡ ನಾಲ್ಕು ಗೇರು, ಅದಕ್ಕಿಂತ ಸ್ವಲ್ಪ ದೊಡ್ಡವು ಎರಡು, ಉಗುರಿನಷ್ಟು ತೆಳ್ಳಗಿನ ವಾಷರ್‌ಗಳು, ಎಣ್ಣೆ ಒರೆಸಿದ ಟಿಶ್ಯೂ ಗುಡ್ಡೆ. ನೀರು ಕುಡಿಯೋಕೆ ಎದ್ದು ಬಂದ ಹೆಂಡತಿ ಅರ್ಧ ನಿದ್ದೆಗಣ್ಣಲ್ಲೇ ನಿಂತು ನೋಡಿದಳು.

"ರೀ, ಅದು ನನ್ನ ಸಾಸಿವೆ ಬಟ್ಟಲಲ್ವಾ?"

ಹೌದು, ಅವಳದ್ದೇ. ಸ್ಕ್ರೂ ಹಾಕಿಡೋಕೆ ಅದಕ್ಕಿಂತ ಒಳ್ಳೇ ಪಾತ್ರೆ ಇಡೀ ಇಂಗ್ಲೆಂಡಿನಲ್ಲಿ ಸಿಗಲ್ಲ ಅಂತ ಹೇಳೋಣ ಅಂದುಕೊಂಡೆ, ಧೈರ್ಯ ಸಾಲಲಿಲ್ಲ. "ಬೆಳಗ್ಗೆ ತೊಳೆದಿಡ್ತೀನಿ" ಅಂದೆ. ಅವಳು ಹೋದಳು. ನಾನು ಮತ್ತೆ ಆ ಪುಟ್ಟ ಡಬ್ಬಿಯೊಳಗೆ ಇಣುಕಿ ನೋಡಿದೆ. ಒಳಗೆ ಎಣ್ಣೆ ಇರಬೇಕಿತ್ತು. ಇರಲಿಲ್ಲ. ಒಂದು ತೊಟ್ಟೂ ಇರಲಿಲ್ಲ. ಮೂರು ವಾರದ ನನ್ನ ಗೋಳಿಗೆಲ್ಲ ಕಾರಣ ಕಣ್ಣ ಮುಂದೆ ಒಣಗಿಕೊಂಡು ಕೂತಿತ್ತು. ಅದನ್ನು ಕಂಡುಹಿಡಿದದ್ದು ಮಾತ್ರ ನಾನಲ್ಲ. ಎಂಟು ಸಾವಿರ ಕಿಲೋಮೀಟರ್ ದೂರದಲ್ಲಿ, ಸೊರಬದ ಹತ್ತಿರದ ಒಂದು ಹಳ್ಳಿಯಲ್ಲಿ, ಜಗಲಿ ಮೇಲೆ ಕೂತು ಎಲೆಅಡಿಕೆ ಹಾಕ್ತಿದ್ದ ನನ್ನ ಸೋದರಮಾವ. ಆ ಕಥೆ ಹೇಳೋಕೆ ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು.

ಈ ಹುಚ್ಚು ಹತ್ತಿದ್ದು

ನಾನು ಇರೋದು ಮಿಲ್ಟನ್ ಕೀನ್ಸ್‌ನಲ್ಲಿ. ಇಲ್ಲಿ ಡಿಸೆಂಬರ್ ಬಂತು ಅಂದರೆ ಮಧ್ಯಾಹ್ನ ನಾಲ್ಕಕ್ಕೆ ಕತ್ತಲು. ಆಫೀಸಿನಿಂದ ಹೊರಗೆ ಬಂದರೂ ಕತ್ತಲು, ಒಳಗೆ ಹೋಗುವಾಗಲೂ ಕತ್ತಲು. ಬಂದ ಮೊದಲ ಚಳಿಗಾಲವನ್ನು ನೆಟ್‌ಫ್ಲಿಕ್ಸ್ ನೋಡಿಕೊಂಡು, ಊರಿಗೆ ಫೋನ್ ಮಾಡಿಕೊಂಡು ಹೇಗೋ ಕಳೆದೆ. ಎರಡನೇ ಚಳಿಗಾಲಕ್ಕೆ ನನ್ನ ಟೀಮಿನ ಒಬ್ಬ, "ಭಾನುವಾರ ಏನೂ ಕೆಲಸ ಇಲ್ಲದಿದ್ದರೆ ಬಾ" ಅಂತ ಒಂದು ಹಳೇ ಶೆಡ್ಡಿಗೆ ಕರ್ಕೊಂಡು ಹೋದ. ಒಳಗೆ ನೆಲದ ತುಂಬ ಹಸಿರು ಪ್ಲಾಸ್ಟಿಕ್ ಹುಲ್ಲು, ಮಧ್ಯೆ ಮಧ್ಯೆ ಮರದ ದಿಬ್ಬಗಳು, ಪೈಪು ಜೋಡಿಸಿ ಮಾಡಿದ ತಿರುವುಗಳು. ಎತ್ತರದ ಕಟ್ಟೆ ಮೇಲೆ ಹತ್ತು ಜನ ರಿಮೋಟ್ ಹಿಡಿದು ಉಸಿರು ಬಿಗಿಹಿಡಿದು ನಿಂತಿದ್ದರು. ಹನ್ನೆರಡು ವರ್ಷದ ಹುಡುಗಿಯಿಂದ ಎಪ್ಪತ್ತು ದಾಟಿದ ಅಜ್ಜನ ತನಕ. ಕೆಳಗೆ ಹತ್ತು ಪುಟ್ಟ ಕಾರುಗಳು ಜೇನುಹುಳದ ಹಿಂಡಿನ ಹಾಗೆ ಗುಂಯ್‌ಗುಡುತ್ತಾ ಹಾರಿ ಹೋಗ್ತಿದ್ದವು.

ಇವುಗಳನ್ನು ಆರ್‌ಸಿ ಬಗ್ಗಿ ಅಂತಾರೆ. ನಿಜವಾದ ಬಗ್ಗಿಯ ಹತ್ತನೇ ಒಂದು ಭಾಗದ ಅಳತೆ. ಅಗಲ ಹೆಚ್ಚೆಂದರೆ 250 ಮಿಲಿಮೀಟರ್, ತೂಕ ಸುಮಾರು ಒಂದೂವರೆ ಕಿಲೋ, 7.4 ವೋಲ್ಟಿನ ಲಿಥಿಯಂ ಪಾಲಿಮರ್ ಬ್ಯಾಟರಿ, ಬ್ರಷ್‌ಲೆಸ್ ಮೋಟಾರು. ಒಂದು ರೇಸ್ ಐದು ನಿಮಿಷ. ನಿಮ್ಮ ರೇಸ್ ಮುಗಿದ ಮೇಲೆ ಮುಂದಿನವರ ರೇಸಿಗೆ ನೀವು ಟ್ರ್ಯಾಕ್ ಒಳಗೆ ನಿಂತು ಮಗುಚಿದ ಕಾರುಗಳನ್ನು ಎತ್ತಿ ನಿಲ್ಲಿಸಬೇಕು. ಯಾರಿಗೂ ರಿಯಾಯಿತಿ ಇಲ್ಲ. ಆಟದ ಸಾಮಾನು ಅಂದುಕೊಂಡು ಹೋದ ನಾನು ಅಲ್ಲಿ ನೋಡಿದ್ದು ಇಷ್ಟಿಷ್ಟೇ ಗಾತ್ರದ ಶಾಕ್ ಅಬ್ಸಾರ್ಬರು, ಡ್ರೈವ್ ಶಾಫ್ಟು, ಸ್ಲಿಪ್ಪರ್ ಕ್ಲಚ್ಚು. ಅವೆಲ್ಲದರ ನಡುವೆ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಡಿಫರೆನ್ಷಿಯಲ್. ಎಲ್ಲ ನಿಜದ್ದು, ಎಲ್ಲ ಕೆಲಸ ಮಾಡೋವು.

ನಾನು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಮಾಡ್ತಿರೋದು ಸಾಫ್ಟ್‌ವೇರ್. ನನ್ನಂಥವರು ಎಷ್ಟು ಜನ ಇದ್ದೀರಿ ಅಂತ ಕೇಳಲ್ಲ, ಕೈ ಎತ್ತಿದರೆ ಎಣಿಸೋಕೆ ಆಗಲ್ಲ :-)

ವೈವಾದಲ್ಲಿ ಮಾನ ಹೋದ ದಿನ

ಆರನೇ ಸೆಮಿಸ್ಟರಿನ ವೈವಾ. ಹೊರಗಿನಿಂದ ಬಂದ ಎಕ್ಸಾಮಿನರ್ ಸಣ್ಣ ಪ್ರಶ್ನೆ ಕೇಳಿದರು. "ಕಾರಿನ ಹಿಂದಿನ ಒಂದು ಚಕ್ರ ಜಾಕ್ ಹಾಕಿ ಎತ್ತಿದೆ. ಇನ್ನೊಂದು ನೆಲದ ಮೇಲೇ ಇದೆ. ಗೇರ್‌ನಲ್ಲಿ ಇಟ್ಟು ಇಂಜಿನ್ ಓಡಿಸಿದರೆ, ಕ್ರೌನ್ ವೀಲ್ ನಿಮಿಷಕ್ಕೆ 100 ಸುತ್ತು ಸುತ್ತುತ್ತಾ ಇದೆ ಅಂತಿಟ್ಟುಕೊಳ್ಳಿ. ಎತ್ತಿದ ಚಕ್ರ ಎಷ್ಟು ಸುತ್ತುತ್ತೆ?"

"100 ಸರ್."

ಅವರು ಏನೂ ಹೇಳಲಿಲ್ಲ, ಕನ್ನಡಕದ ಮೇಲಿಂದ ಒಮ್ಮೆ ನೋಡಿ ಮುಂದಿನ ಪ್ರಶ್ನೆಗೆ ಹೋದರು. ಹೊರಗೆ ಬಂದ ಮೇಲೆ ಗೆಳೆಯ ಹೇಳಿದ, 200 ಅಂತ. ತಮಾಷೆ ಏನಂದರೆ, ಡಿಫರೆನ್ಷಿಯಲ್ಲಿನ ಚಿತ್ರ ಬರೆದು ವಿವರಿಸಿ ಅನ್ನೋ ಎಂಟು ಮಾರ್ಕಿನ ಪ್ರಶ್ನೆಗೆ ನಾನು ಥಿಯರಿ ಪರೀಕ್ಷೆಯಲ್ಲಿ ಚೆಂದದ ಉತ್ತರ ಬರೆದಿದ್ದೆ. ಬಾಯಿಪಾಠ ಮಾಡಿ. ಚಿತ್ರಕ್ಕೆ ಬಣ್ಣದ ಪೆನ್ಸಿಲ್ ಬೇರೆ.

ನಿಜವಾಗಿ ಅರ್ಥ ಆಗಿದ್ದು ಆರು ವರ್ಷ ಆದಮೇಲೆ, ಇದೇ ಅಡುಗೆಮನೆ ಟೇಬಲ್ ಮೇಲೆ. ಬಗ್ಗಿಯನ್ನು ಎತ್ತಿ ಹಿಡಿದು ಒಂದು ಚಕ್ರ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಸ್ಪರ್ ಗೇರ್ ತಿರುಗಿಸಿದೆ. ಡಿಫ್ ಒಂದು ಸುತ್ತು ಸುತ್ತುವಷ್ಟರಲ್ಲಿ ಆಚೆಕಡೆ ಚಕ್ರ ಎರಡು ಸುತ್ತು ಸುತ್ತಿಬಿಟ್ಟಿತು. ಎರಡೂ ಚಕ್ರಗಳ ಸರಾಸರಿ ಯಾವಾಗಲೂ ಕ್ರೌನ್ ವೀಲಿನ ವೇಗಕ್ಕೆ ಸಮ. ಒಂದು ಸೊನ್ನೆ ಆದರೆ ಇನ್ನೊಂದು ಎರಡು ಪಟ್ಟು ಆಗಲೇಬೇಕು. ಇಷ್ಟೇ ವಿಷಯ. ಸರ್, ಎಲ್ಲಿದ್ದೀರೋ, 200.

ಡಿಫರೆನ್ಷಿಯಲ್ ಯಾಕೆ ಬೇಕು?

ಎತ್ತಿನಗಾಡಿಗೆ ಡಿಫರೆನ್ಷಿಯಲ್ ಬೇಡ. ಯಾಕಂದರೆ ಅದರ ಎರಡೂ ಚಕ್ರ ಅಚ್ಚಿನ ಮೇಲೆ ತಮ್ಮ ಪಾಡಿಗೆ ತಾವು ಸುತ್ತುತ್ತವೆ. ಎಳೆಯೋದು ಎತ್ತು, ಚಕ್ರ ಅಲ್ಲ. ತಾಪತ್ರಯ ಶುರುವಾಗೋದು ಚಕ್ರದಿಂದಲೇ ಗಾಡಿಯನ್ನು ತಳ್ಳಬೇಕು ಅಂದಾಗ. ಎರಡು ಚಕ್ರಕ್ಕೂ ಒಂದೇ ಅಚ್ಚು ಬಿಗಿದರೆ ನೇರ ರಸ್ತೆಯಲ್ಲಿ ಸರಿ, ತಿರುವಿನಲ್ಲಿ ಕಷ್ಟ. ಹೊರಗಿನ ಚಕ್ರ ಜಾಸ್ತಿ ದೂರ ಹೋಗಬೇಕು, ಒಳಗಿನದು ಕಮ್ಮಿ.

ಎಷ್ಟು ಜಾಸ್ತಿ ಅಂತ ನನ್ನ ಬಗ್ಗಿಗೆ ಲೆಕ್ಕ ಹಾಕಿದೆ. ಎರಡು ಹಿಂದಿನ ಟೈರುಗಳ ಮಧ್ಯದಿಂದ ಮಧ್ಯಕ್ಕೆ ಸುಮಾರು 21 ಸೆಂಟಿಮೀಟರ್. ಪೂರ್ತಿ ವಾಪಸ್ ತಿರುಗೋ ಹೇರ್‌ಪಿನ್ ಅಂದರೆ ಅರ್ಧ ವೃತ್ತ. ಹೊರಗಿನ ಚಕ್ರ ಹೆಚ್ಚಿಗೆ ಕ್ರಮಿಸಬೇಕಾದ ದೂರ 3.14 ಗುಣಿಸು 21, ಅಂದರೆ ಸುಮಾರು 66 ಸೆಂಟಿಮೀಟರ್. ತಿರುವು ದೊಡ್ಡದಿರಲಿ ಚಿಕ್ಕದಿರಲಿ, ಈ ವ್ಯತ್ಯಾಸ ಅಷ್ಟೇ ಇರುತ್ತೆ. ಇದು ನನಗೆ ಮೊದಲ ಸಲ ಹೊಳೆದಾಗ ಬಹಳ ಖುಷಿಯಾಯ್ತು. ಟೈರಿನ ವ್ಯಾಸ 8.5 ಸೆಂಟಿಮೀಟರ್, ಸುತ್ತಳತೆ ಸುಮಾರು 27. ಅಂದರೆ ಒಂದೇ ಒಂದು ಹೇರ್‌ಪಿನ್ ಮುಗಿಸೋಷ್ಟರಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಎರಡೂವರೆ ಸುತ್ತು ಜಾಸ್ತಿ ಸುತ್ತಿರಬೇಕು. ಡಿಫ್ ಇಲ್ಲದಿದ್ದರೆ ಆ ಎರಡೂವರೆ ಸುತ್ತನ್ನು ಟೈರು ಉಜ್ಜಿಕೊಂಡೇ ತೀರಿಸಬೇಕು. ಕಾರು ತಿರುಗೋ ಬದಲು ಮುಂದಕ್ಕೆ ಮುಂದಕ್ಕೆ ತಳ್ಳಿಕೊಂಡು ಹೋಗುತ್ತೆ.

ಫ್ರಾನ್ಸಿನ ಒನೆಸಿಫೋರ್ ಪೆಕೇರ್ 1820ರ ದಶಕದ ಕೊನೆಯಲ್ಲೇ ಉಗಿಬಂಡಿಗೆ ಅಂತ ಡಿಫರೆನ್ಷಿಯಲ್ಲಿಗೆ ಪೇಟೆಂಟ್ ತೆಗೆದುಕೊಂಡಿದ್ದರು. ಪೆಟ್ರೋಲ್ ಕಾರು ಹುಟ್ಟೋಕೆ ಇನ್ನೂ ಅರ್ಧ ಶತಮಾನಕ್ಕೂ ಹೆಚ್ಚು ಇತ್ತು. ಎರಡು ಕಡೆಗೂ ಒಂದೊಂದು ದೊಡ್ಡ ಬೆವೆಲ್ ಗೇರು, ಅವುಗಳ ಮಧ್ಯೆ ಅಡ್ಡ ಪಿನ್ನಿನ ಮೇಲೆ ಚಿಕ್ಕ ಗೇರುಗಳು. ಚಿಕ್ಕವು ತಕ್ಕಡಿಯ ಹಾಗೆ ಎರಡೂ ಕಡೆಗೆ ಸಮವಾಗಿ ತಳ್ಳುತ್ತವೆ. ವೇಗ ಬೇಕಾದರೆ ಹೆಚ್ಚುಕಮ್ಮಿ ಆಗಲಿ, ತಳ್ಳೋ ಬಲ ಮಾತ್ರ ಎರಡೂ ಕಡೆ ಸಮ.

ಈ ಸಮಾನತೆಯೇ ಅದರ ಗುಣ, ಅದೇ ಅದರ ದೋಷ. ಒಂದು ಚಕ್ರ ಗಾಳಿಯಲ್ಲಿದ್ದರೆ ಅದನ್ನು ಸುತ್ತಿಸೋಕೆ ಬಲವೇ ಬೇಡ. ಹಾಗಾಗಿ ನೆಲದಲ್ಲಿರೋ ಚಕ್ರಕ್ಕೂ ಅಷ್ಟೇ, ಅಂದರೆ ಏನೂ ಇಲ್ಲ. ಇದನ್ನು ನಾನು ಪುಸ್ತಕದಲ್ಲಿ ಓದೋಕೆ ಮುಂಚೆಯೇ ಕಣ್ಣಾರೆ ನೋಡಿದ್ದೆ. ಅರ್ಥ ಆಗಿರಲಿಲ್ಲ ಅಷ್ಟೆ.

ಮಾವನ ಪೆಡಲ್

ಬೇಸಿಗೆ ರಜೆಗೆ ಅಜ್ಜನ ಮನೆಗೆ ಹೋದರೆ ಕಾಲೇಜು ಶುರುವಾಗೋ ತನಕ ಅಲ್ಲೇ. ಜೂನಿನಲ್ಲಿ ಮಳೆ ಹಿಡಿದ ಮೇಲೆ ಮಾವ ಟ್ರ್ಯಾಕ್ಟರ್ ಗದ್ದೆಗೆ ಇಳಿಸ್ತಿದ್ದ. ಮಡ್‌ಗಾರ್ಡ್ ಮೇಲೆ ನಾನು. ಕೆಸರು ಆಳ ಇದ್ದ ಕಡೆ ಒಂದು ಚಕ್ರ ಸುಮ್ಮನೆ ಗರಗರ ಸುತ್ತಿ ಕೆಸರು ಎರಚ್ತಾ ಇತ್ತು, ಇನ್ನೊಂದು ಅಲ್ಲಾಡದೆ ನಿಂತುಬಿಡ್ತಿತ್ತು. ಆಗ ಮಾವ ಅವಸರ ಮಾಡದೆ ಸೀಟಿನ ಹತ್ತಿರ ಕೆಳಗಿದ್ದ ಒಂದು ಪುಟ್ಟ ಪೆಡಲನ್ನು ಹಿಮ್ಮಡಿಯಲ್ಲಿ ಒತ್ತುತ್ತಿದ್ದ. 'ಟಕ್' ಅಂತ ಸದ್ದು. ನಿಂತಿದ್ದ ಚಕ್ರ ಎದ್ದು ಸುತ್ತೋಕೆ ಶುರು. ಟ್ರ್ಯಾಕ್ಟರ್ ಕೆಸರಿನಿಂದ ಎದ್ದು ಬಂದು ಅಂಚಿನ ಕಡೆ ಹೊರಡ್ತಿತ್ತು.

"ಏನ್ ಮಾವ ಅದು?"

"ಲಾಕು. ಎರಡೂ ಚಕ್ರ ಒಂದಾಗ್ತವೆ. ಗಟ್ಟಿ ನೆಲದಲ್ಲಿ ಮಾತ್ರ ಇದನ್ನ ಒತ್ತಿಕೊಂಡು ತಿರುಗಿಸಬಾರ್ದು, ಒಳಗಿಂದು ಮುರಿದು ಕೈಗೆ ಬರ್ತದೆ."

ಡಿಫರೆನ್ಷಿಯಲ್ ಲಾಕ್. ಕೆಸರಿನಲ್ಲಿ ಡಿಫ್ ಬೇಡ, ರಸ್ತೆಯಲ್ಲಿ ಬೇಕು. ಮಾವ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ನಾನು ನಾಲ್ಕು ವರ್ಷ ಫೀಸು ಕಟ್ಟಿ ಕಲಿಯದ್ದನ್ನು ಅವನು ಎರಡು ವಾಕ್ಯದಲ್ಲಿ ಹೇಳಿ ಮುಗಿಸಿದ್ದ.

ಆರ್‌ಸಿ ಬಗ್ಗಿಯಲ್ಲಿ ಆ ಪೆಡಲ್ ಇಲ್ಲ. ಅಲ್ಲಿನ ಕಸರತ್ತೆಲ್ಲ ಪೂರ್ತಿ ಬಿಟ್ಟೂ ಇರಬಾರದು, ಪೂರ್ತಿ ಬಿಗಿದೂ ಇರಬಾರದು ಅನ್ನೋ ಆ ಮಧ್ಯದ ಜಾಗ ಹುಡುಕೋದು. ಅದಕ್ಕೆ ಎರಡು ದಾರಿ ಇವೆ.

ಮೊದಲ ದಾರಿ: ಗುಂಡುಗಳು

ನನ್ನ ಮೊದಲ ಬಗ್ಗಿ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿ ಹೋಗೋ ಸೆಕೆಂಡ್‌ಹ್ಯಾಂಡ್ ಕಾರು. ಅದರಲ್ಲಿದ್ದದ್ದು ಬಾಲ್ ಡಿಫ್. ಹಲ್ಲಿನ ಗೇರೇ ಇಲ್ಲದ ಡಿಫರೆನ್ಷಿಯಲ್! ಮಧ್ಯದ ಪ್ಲಾಸ್ಟಿಕ್ ಗೇರಿನಲ್ಲಿ ಸುತ್ತಲೂ ತೂತುಗಳು, ಪ್ರತಿ ತೂತಿನಲ್ಲಿ ಒಂದೊಂದು ಪುಟ್ಟ ಗುಂಡು. ಎರಡೂ ಪಕ್ಕದಲ್ಲಿ ಚಪ್ಪಟೆ ಉಕ್ಕಿನ ಉಂಗುರಗಳು. ಮಧ್ಯದಲ್ಲಿ ಉದ್ದನೆ ಸ್ಕ್ರೂ, ಸ್ಪ್ರಿಂಗು, ನಟ್ಟು. ಸ್ಕ್ರೂ ಬಿಗಿದಷ್ಟೂ ಉಂಗುರಗಳು ಗುಂಡುಗಳನ್ನು ಅಮುಕುತ್ತವೆ. ಶಕ್ತಿ ದಾಟೋದು ಬರೀ ಘರ್ಷಣೆಯಿಂದ.

ಇದನ್ನು ಆರ್‌ಸಿ ಲೋಕಕ್ಕೆ ಕೊಟ್ಟವರು ಸೆಸಿಲ್ ಶೂಮಾಕರ್. ಫಾರ್ಮುಲಾ ಒನ್ ಶೂಮಾಕರ್ ಅಲ್ಲ, ಇವರು ಬೇರೆ. 1980ರಲ್ಲಿ ಅವರು ಶುರು ಮಾಡಿದ ಕಂಪನಿ ನಾರ್ಥಾಂಪ್ಟನ್‌ನದು, ನಮ್ಮ ಮನೆಯಿಂದ ಅರ್ಧ ಗಂಟೆ ದಾರಿ. ಅವರ ಕ್ಯಾಟ್ ಅನ್ನೋ ನಾಲ್ಕು ಚಕ್ರ ಚಾಲನೆಯ ಬಗ್ಗಿಯನ್ನು ಓಡಿಸಿ ಜಪಾನಿನ ಮಸಾಮಿ ಹಿರೊಸಾಕಾ 1987ರಲ್ಲಿ ಇಂಗ್ಲೆಂಡಿನ ರಾಮ್ಸಿಯಲ್ಲಿ ವಿಶ್ವ ಚಾಂಪಿಯನ್ ಆದರು. ನಮ್ಮ ಕ್ಲಬ್ಬಿನ ಅಜ್ಜ ಈಗಲೂ ಆ ಕಾಲದ ಕಾರುಗಳ ಬಗ್ಗೆ ಮಾತಾಡೋಕೆ ಶುರು ಮಾಡಿದರೆ ಅವರ ರೇಸೇ ಮರೆತುಹೋಗುತ್ತೆ.

ಬಾಲ್ ಡಿಫ್ ಕಟ್ಟೋದು ಅಂದರೆ ತಾಳ್ಮೆಯ ಪರೀಕ್ಷೆ. ನಾನು ಹಾಳು ಮಾಡಿ ಕಲಿತದ್ದು ಇಷ್ಟು:

ಉಂಗುರಗಳನ್ನು ನುಣ್ಣನೆ ಮರಳುಕಾಗದದ ಮೇಲೆ ಸಮವಾಗಿ ಉಜ್ಜಿ ಹೊಳಪು ತೆಗೆಯಬೇಕು. ಕನ್ನಡಿ ಹಾಗೆ ಹೊಳೆದರೆ ಗುಂಡು ಜಾರುತ್ತೆ. ದೊಡ್ಡ ಗುಂಡುಗಳಿಗೆ ಸಿಲಿಕೋನ್ ಗ್ರೀಸು, ಸ್ಕ್ರೂ ತುದಿಯ ಥ್ರಸ್ಟ್ ಬೇರಿಂಗಿನ ಸಾಸಿವೆ ಗಾತ್ರದ ಗುಂಡುಗಳಿಗೆ ಕಪ್ಪು ಗ್ರೀಸು. ಇವೆರಡನ್ನೂ ಅದಲುಬದಲು ಮಾಡಿದರೆ ಕೆಲಸ ಕೆಟ್ಟಿತು. ಬಿಗಿಯುವಾಗ ಒಂದೇ ಸಲಕ್ಕೆ ಬಿಗಿಯಬಾರದು. ಸ್ವಲ್ಪ ಬಿಗಿ, ಕೈಯಲ್ಲಿ ತಿರುಗಿಸು, ಮತ್ತೆ ಸ್ವಲ್ಪ ಬಿಗಿ. ಸ್ಪ್ರಿಂಗ್ ಪೂರ್ತಿ ಕೂತ ಮೇಲೆ ಸುಮಾರು ಎಂಟನೇ ಒಂದು ಸುತ್ತು ಹಿಂದಕ್ಕೆ. ಆಮೇಲೆ ಒಂದು ಚಕ್ರ ಹಿಡಿದುಕೊಂಡು ಮೆಲ್ಲಗೆ ಥ್ರಾಟಲ್ ಕೊಟ್ಟು ಒಂದೆರಡು ನಿಮಿಷ ಪಳಗಿಸಿ, ಮತ್ತೆ ಬಿಗಿ ನೋಡಬೇಕು.

ಮುಖ್ಯವಾದ ನಿಯಮ ಒಂದಿದೆ. ಮೋಟಾರಿನ ಹೊಡೆತ ತಾಳೋಕೆ ಸ್ಲಿಪ್ಪರ್ ಕ್ಲಚ್ ಇರುತ್ತೆ. ಜಾರೋದಾದರೆ ಮೊದಲು ಅದು ಜಾರಬೇಕು, ಡಿಫ್ ಅಲ್ಲ. ನಾನು ಉಲ್ಟಾ ಮಾಡಿದೆ. ಡಿಫ್ ಲೂಸಾಗಿ ಬಿಟ್ಟು ಸ್ಲಿಪ್ಪರ್ ಬಿಗಿದೆ. ಒಂದು ರೇಸಿನಲ್ಲೇ ಉಂಗುರಗಳ ಮೇಲೆ ಗುಂಡಿನ ಗಾಡಿಜಾಡು ಬಿದ್ದು, ಪ್ಲಾಸ್ಟಿಕ್ ಗೇರು ಬಿಸಿಗೆ ಮೆತ್ತಗಾಗಿ, ಗುಂಡುಗಳು ವಾಲಿಕೊಂಡು ಕೂತವು. ಚೆಕ್ ಮಾಡೋದು ಸುಲಭ: ಎರಡೂ ಹಿಂದಿನ ಚಕ್ರ ಗಟ್ಟಿ ಹಿಡಿದು ಸ್ಪರ್ ಗೇರನ್ನು ಹೆಬ್ಬೆರಳಿನಲ್ಲಿ ತಳ್ಳಿ. ಡಿಫ್ ಒಳಗೆ ಜಾರಿದ ಅನುಭವ ಆದರೆ ಓಡಿಸಬೇಡಿ, ಬಿಗಿಯಿರಿ.

ಎರಡನೇ ದಾರಿ: ಎಣ್ಣೆ

ಬ್ರಷ್‌ಲೆಸ್ ಮೋಟಾರು, ಲಿಥಿಯಂ ಬ್ಯಾಟರಿ ಬಂದು ಶಕ್ತಿ ಹೆಚ್ಚಾದ ಮೇಲೆ, ಪ್ಲಾಸ್ಟಿಕ್ ಹುಲ್ಲು ಮತ್ತು ಕಾರ್ಪೆಟ್ ಟ್ರ್ಯಾಕುಗಳಲ್ಲಿ ಹಿಡಿತ ಹೆಚ್ಚಾದ ಮೇಲೆ, ಹತ್ತನೇ ಅಳತೆಯ ಬಗ್ಗಿಗಳಲ್ಲೂ ಗೇರ್ ಡಿಫ್ ಜಾಸ್ತಿಯಾಯ್ತು. ಇದು ಪೆಕೇರ್ ಸಾಹೇಬರ ಅದೇ ಬೆವೆಲ್ ಗೇರು. ಒಂದು ವ್ಯತ್ಯಾಸ ಅಂದರೆ ಡಬ್ಬಿಯ ತುಂಬ ಸಿಲಿಕೋನ್ ಎಣ್ಣೆ. ಎರಡೂ ಚಕ್ರ ಒಂದೇ ವೇಗದಲ್ಲಿದ್ದರೆ ಒಳಗಿನ ಗೇರುಗಳು ಸುಮ್ಮನಿರುತ್ತವೆ. ವೇಗ ಬೇರೆಬೇರೆ ಆದ ಕೂಡಲೇ ಅವು ಎಣ್ಣೆಯನ್ನು ಕಡೆಯಬೇಕು. ಎಣ್ಣೆ ಮಂದ ಇದ್ದಷ್ಟೂ ಕಡೆಯೋದು ಕಷ್ಟ. ಗಾಳಿಯಲ್ಲಿರೋ ಚಕ್ರ ಓಡಿಹೋಗದ ಹಾಗೆ ಎಣ್ಣೆ ಹಿಡಿದು ನಿಲ್ಲಿಸುತ್ತೆ, ನೆಲದಲ್ಲಿರೋ ಚಕ್ರಕ್ಕೆ ಅಷ್ಟು ಬಲ ಸಿಗುತ್ತೆ. ಮಾವನ ಪೆಡಲನ್ನು ಅರ್ಧ ಒತ್ತಿ ಹಿಡಿದ ಹಾಗೆ.

ಎಣ್ಣೆಯ ಮಂದತನಕ್ಕೆ ಸೆಂಟಿಸ್ಟೋಕ್ಸ್ ಅಂತ ಅಳತೆ. ನೀರು ಸುಮಾರು 1. ನಮ್ಮ ಹರಳೆಣ್ಣೆ ಇಲ್ಲಿನ ಚಳಿಮನೆಯ ಉಷ್ಣತೆಯಲ್ಲಿ ಸುಮಾರು 1,000. ಡಿಫ್ ಎಣ್ಣೆ ಬಾಟಲಿಗಳು ಸಾವಿರದಿಂದ ಶುರುವಾಗಿ ಲಕ್ಷ ದಾಟಿ ಹೋಗುತ್ತವೆ. ಲಕ್ಷದ್ದನ್ನು ಬಾಟಲಿಯಿಂದ ಸುರಿಯೋದು ಅಂದರೆ ಜೋನಿಬೆಲ್ಲವನ್ನು ಫ್ರಿಜ್ಜಿನಿಂದ ತೆಗೆದು ಸುರಿದ ಹಾಗೆ. ನನ್ನ ನಾಲ್ಕು ಚಕ್ರದ ಬಗ್ಗಿಗೆ ಮುಂದೆ 10,000, ಹಿಂದೆ 5,000.

ಯಾವುದು ಯಾಕೆ? ಸಾಮಾನ್ಯವಾಗಿ ಹೀಗೆ:

ಮುಂದಿನ ಎಣ್ಣೆ ತೆಳು ಆದರೆ ಥ್ರಾಟಲ್ ಬಿಟ್ಟು ತಿರುವಿಗೆ ಇಳಿಯುವಾಗ ಕಾರು ಚುರುಕಾಗಿ ಮೂಗು ತಿರುಗಿಸುತ್ತೆ. ಮಂದ ಆದರೆ ಇಳಿಯುವಾಗ ಸ್ವಲ್ಪ ಮೊಂಡು, ಆದರೆ ಥ್ರಾಟಲ್ ಕೊಟ್ಟಾಗ ಮುಂದಿನ ಚಕ್ರಗಳು ಕಾರನ್ನು ತಿರುವಿನಿಂದ ಎಳೆದು ತರುತ್ತವೆ.

ಹಿಂದಿನದು ತೆಳು ಆದರೆ ತಿರುವಿನಲ್ಲಿ ಹಿಂಭಾಗ ಪಕ್ಕಕ್ಕೆ ಜಾರೋದು ಕಮ್ಮಿ. ಅತಿ ತೆಳು ಆದರೆ ಹೊರಬರುವಾಗ ಒಳಗಿನ ಚಕ್ರ ಸುಮ್ಮನೆ ಸುತ್ತಿ ಶಕ್ತಿ ಪೋಲು. ಮಂದ ಆದರೆ ಮುಂದಕ್ಕೆ ನುಗ್ಗೋ ಬಲ ಜಾಸ್ತಿ, ಆದರೆ ಬಾಲ ಬೀಸೋ ಅಪಾಯ.

ಎಂಟನೇ ಅಳತೆಯ ದೊಡ್ಡ ಬಗ್ಗಿಗಳಲ್ಲಿ ಮಧ್ಯದಲ್ಲೂ ಒಂದು ಡಿಫ್ ಇರುತ್ತೆ, ಮುಂದೆ-ಹಿಂದೆ ಶಕ್ತಿ ಹಂಚೋಕೆ. ಅಲ್ಲಿ ತೆಳು ಎಣ್ಣೆ ಹಾಕಿ ಥ್ರಾಟಲ್ ಒತ್ತಿದರೆ ಹಗುರಾದ ಮುಂದಿನ ಚಕ್ರಗಳಿಗೇ ಶಕ್ತಿ ಓಡಿಹೋಗಿ ಅವು ಬಲೂನಿನ ಹಾಗೆ ಉಬ್ಬುತ್ತವೆ. ಮಂದ ಹಾಕಿದರೆ ಹಿಂದಿನ ಚಕ್ರಕ್ಕೆ ಪಾಲು ಹೆಚ್ಚು.

ಕಟ್ಟುವಾಗ ನೋಡಬೇಕಾದ್ದು: ಬೆವೆಲ್ ಗೇರಿನ ಹಿಂದೆ ಶಿಮ್ ಅನ್ನೋ ತೆಳು ವಾಷರ್ ಹಾಕಿ ಹಲ್ಲುಗಳ ಬಿಗಿ ಸರಿ ಮಾಡಬೇಕು. ಬಿಗಿಯಾದರೆ ಕರಕರ, ಸಡಿಲವಾದರೆ ಹಲ್ಲು ಉದುರುತ್ತೆ. ಶಾಫ್ಟ್ ಹೊರಗೆ ಬರೋ ಜಾಗದ ಓ-ರಿಂಗಿಗೆ ಗ್ರೀಸ್ ಸವರದೆ ತುರುಕಬಾರದು. ಎಣ್ಣೆ ಅಡ್ಡಪಿನ್ನುಗಳು ಮುಳುಗುವಷ್ಟು ಹಾಕಿ, ಗುಳ್ಳೆ ಏಳೋ ತನಕ ಕಾದು, ಕಮ್ಮಿಯಾದರೆ ಮತ್ತೆ ಹಾಕಬೇಕು. ಅಂಚಿನ ತನಕ ತುಂಬಬಾರದು, ಬಿಸಿಯಾದಾಗ ಹಿಗ್ಗಿ ಹೊರಗೆ ಬರುತ್ತೆ. ನಾಲ್ಕು ಸ್ಕ್ರೂಗಳನ್ನು ಎದುರುಬದುರು ಜೋಡಿಯಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು.

ಇಷ್ಟೆಲ್ಲ ಓದಿಕೊಂಡು ಮೊದಲ ಸಲ ಕಟ್ಟಿದೆ. ಟ್ರ್ಯಾಕಿಗೆ ತಗೊಂಡು ಹೋಗಿ ಥ್ರಾಟಲ್ ಒತ್ತಿದೆ. ಕಾರು ಮುಂದೆ ಹೋಗಲಿಲ್ಲ, ಹಿಂದೆ ಹೋಗಲಿಲ್ಲ, ನಿಂತಲ್ಲೇ ಕಪ್ಪೆ ಹಾಗೆ ಎಗರಿತು. ಮುಂದಿನ ಡಿಫನ್ನು ಎಡಬಲ ತಿರುಗಿಸಿ ಕೂರಿಸಿದ್ದೆ. ಕ್ರೌನ್ ಗೇರು ಪಿನಿಯನ್ನಿನ ತಪ್ಪು ಬದಿಗೆ ಬಂದು, ಹಿಂದಿನ ಚಕ್ರ ಮುಂದಕ್ಕೆ, ಮುಂದಿನ ಚಕ್ರ ಹಿಂದಕ್ಕೆ! ಪಕ್ಕದಲ್ಲಿದ್ದ ಹನ್ನೆರಡು ವರ್ಷದ ಹುಡುಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಿದ್ದು ಇನ್ನೂ ನೆನಪಿದೆ. ಆಮೇಲೆ ಅವಳೇ ಬಂದು ಬಿಚ್ಚೋಕೆ ಸಹಾಯ ಮಾಡಿದಳು. ಅವಳೂ ಒಂದು ಸಲ ಹಾಗೇ ಮಾಡಿದ್ದಳಂತೆ.

ಮೂರು ವಾರದ ಗೋಳು

ಈಗ ಮೊದಲಿನ ಕಥೆಗೆ ಬರ್ತೀನಿ. ನಮ್ಮ ಟ್ರ್ಯಾಕಿನಲ್ಲಿ ಒಂದು ಹೇರ್‌ಪಿನ್ ಮುಗಿದ ಕೂಡಲೇ ಜೋಡಿದಿಬ್ಬ. ಹೇರ್‌ಪಿನ್ನಿನಿಂದ ಚೆನ್ನಾಗಿ ನುಗ್ಗಿ ಬಂದರೆ ಎರಡನ್ನೂ ಒಂದೇ ನೆಗೆತಕ್ಕೆ ದಾಟಬಹುದು. ಕಳೆದ ತಿಂಗಳು ನನ್ನ ಕಾರು ಅಲ್ಲಿ ಸ್ವಲ್ಪ ಸ್ವಲ್ಪವೇ ಸೋಲೋಕೆ ಶುರುವಾಯ್ತು. ಮೊದಲ ವಾರ ಎರಡನೇ ದಿಬ್ಬದ ನೆತ್ತಿಗೆ ತಾಗಿತು. ಎರಡನೇ ವಾರ ಮೂತಿ ಹೊಡೆದು ಪಲ್ಟಿ. ಮೂರನೇ ವಾರ ನೆಗೆಯೋದೇ ಬೇಡ ಅಂತ ಉರುಳಿಸಿಕೊಂಡು ದಾಟಿದೆ.

ನಾನು ಏನು ಮಾಡಿದೆ ಗೊತ್ತಾ? ಹೊಸ ಟೈರು ತಗೊಂಡೆ. ಸ್ಲಿಪ್ಪರ್ ಬಿಗಿದೆ. ಬ್ಯಾಟರಿ ಹಳೇದಾಯ್ತು ಅಂತ ಹೊಸದು ತರಿಸಿದೆ. ಹಿಂದಿನ ಸ್ಪ್ರಿಂಗ್ ಬದಲಿಸಿದೆ. ಎಲ್ಲ ಒಟ್ಟಿಗೇ. ಆಫೀಸಿನಲ್ಲಿ ಯಾರಾದರೂ ಬಗ್ ಹುಡುಕೋಕೆ ನಾಲ್ಕು ಕಡೆ ಕೋಡ್ ಒಟ್ಟಿಗೆ ಬದಲಿಸಿದರೆ ರಿವ್ಯೂನಲ್ಲಿ ಬಾಯಿಗೆ ಬಂದ ಹಾಗೆ ಬಯ್ಯೋನು ನಾನು. ಮನೆಗೆ ಬಂದರೆ ಆ ಬುದ್ಧಿಯೆಲ್ಲ ಎಲ್ಲಿ ಹೋಗುತ್ತೋ.

ಶನಿವಾರ ಸಂಜೆ ಮಾವನ ವಿಡಿಯೋ ಕಾಲ್ ಬಂತು. ಊರಲ್ಲಿ ಆಗಲೇ ರಾತ್ರಿ, ಊಟ ಆಗಿ ಜಗಲಿಗೆ ಬಂದಿದ್ದ. ಮಾವನ ಜೊತೆ ನನ್ನ ಮಾತು ಯಾವಾಗಲೂ ಒಂದೇ ದಾರಿ. ಊಟ ಆಯ್ತಾ, ಚಳಿ ಹೆಂಗಿದೆ, ಯಾವಾಗ ಬರ್ತೀಯ. ನಾನು ಮಾಡೋ ಕೆಲಸ ಏನು ಅಂತ ಅವನು ಹತ್ತು ಸಲ ಕೇಳಿದ್ದಾನೆ, ನಾನು ಹತ್ತು ಸಲ ಹೇಳಿದ್ದೀನಿ, ಇಬ್ಬರಿಗೂ ಅದು ಮುಟ್ಟಿಲ್ಲ. "ಕಂಪ್ಯೂಟರ್ ಮುಂದೆ ಕೂರೋದು" ಅನ್ನೋ ಹತ್ತಿರ ನಿಂತುಬಿಟ್ಟಿದೆ. ಅವತ್ತು ಕ್ಯಾಮರಾದಲ್ಲಿ ಟೇಬಲ್ ಮೇಲಿದ್ದ ಬಗ್ಗಿ ಕಂಡಿರಬೇಕು.

"ಏನೋ ಅದು, ಆಟದ್ ಕಾರಾ?"

ಹೂಂ ಅಂದೆ, ಸ್ವಲ್ಪ ನಾಚಿಕೆಯಿಂದಲೇ. ಹಿಂದಿನ ಮುಚ್ಚಳ ತೆಗೆದು ತೋರಿಸಿದೆ. ಅವನು ಫೋನನ್ನು ಕಣ್ಣಿನ ಹತ್ತಿರ ತಂದುಕೊಂಡ. ಹಣೆ ಮಾತ್ರ ಕಾಣ್ತಿತ್ತು. "ಇದು ಡಿಫರೆನ್ಶಲ್ ಅಲ್ವನಾ! ಕ್ರೌನ್ ಪಿನಿಯನ್ ಎಲ್ಲ ಇದೆಯಲ್ಲ ಮಾರಾಯ!" ಅವನ ದನಿಯೇ ಬದಲಾಯ್ತು. ನಾನು ಸಮಸ್ಯೆ ಹೇಳಿದೆ. ತಿರುವಿನಿಂದ ಹೊರಬರುವಾಗ ಒಳಗಿನ ಚಕ್ರ ಗರಗರ ಸುತ್ತುತ್ತೆ, ಗಾಡಿ ಮುಂದೆ ಹೋಗಲ್ಲ.

"ಒಂದೇ ಸಲ ಹಿಂಗಾಯ್ತಾ, ನಿಧಾನಕ್ಕೆ ಬಂತಾ?"

"ನಿಧಾನಕ್ಕೆ. ಮೂರು ವಾರದಿಂದ."

"ಹಂಗಾರೆ ಮುರಿದಿದ್ದಲ್ಲ. ಮುರಿದ್ರೆ ಒಂದೇ ಸಲ ಗೊತ್ತಾಗ್ತದೆ. ನಿಧಾನಕ್ಕೆ ಬರೋದು ಸೋರಿದ್ದು, ಇಲ್ಲ ಸವೆದಿದ್ದು. ಎಣ್ಣೆ ನೋಡಿದ್ಯಾ?"

ನೋಡಿರಲಿಲ್ಲ. ಹೊರಗೆ ಎಲ್ಲೂ ಎಣ್ಣೆ ಕಂಡಿರಲಿಲ್ಲ, ಹಾಗಾಗಿ ಸೋರಿಲ್ಲ ಅಂತ ನನ್ನ ತೀರ್ಮಾನ. ಅದನ್ನೇ ಹೇಳಿದೆ.

"ಹೊರಗೆ ಯಾಕೆ ಕಾಣ್ತದೋ? ಒಳಗಿನ ಸೀಲು ಹೋದ್ರೆ ಹೌಸಿಂಗ್ ಒಳಗೇ ಸೋರ್ತದೆ. ಮೊದ್ಲು ಎಣ್ಣೆ ನೋಡು, ಆಮೇಲೆ ಬೇರೆದು."

ಆಮೇಲೆ ಅರ್ಧ ಗಂಟೆ ಮಾತಾಡಿದೆವು. ಬಾಲ್ ಡಿಫ್ ಬಗ್ಗೆ ಹೇಳಿದರೆ ನಂಬಲೇ ಇಲ್ಲ, ಹಲ್ಲಿಲ್ಲದೆ ಹೆಂಗೆ ತಿರುಗ್ತದೆ ಅಂತ ಎರಡು ಸಲ ಕೇಳಿದ. ಹಳೇ ಉಂಗುರ, ಗುಂಡು ತೋರಿಸಿದೆ. "ಭಾರಿ ತಲೆ ಓಡ್ಸಿದಾನೆ" ಅಂದ, ಸೆಸಿಲ್ ಶೂಮಾಕರ್‌ಗೆ. ಲಾಕಿನ ಪೆಡಲ್ ನೆನಪಿದೆಯಾ ಅಂತ ನಾನು ಕೇಳಿದೆ. ಆಗ ಸ್ವಲ್ಪ ಸುಮ್ಮನಾಗಿ ಹೇಳಿದ, ಟ್ರ್ಯಾಕ್ಟರ್ ಕೊಟ್ಟುಬಿಟ್ಟನಂತೆ, ಹೋದ ತಿಂಗಳು. ಮಂಡಿನೋವು, ಹತ್ತಿ ಇಳಿಯೋಕೆ ಆಗಲ್ಲ. ಅವನ ಮಗ ಬೆಂಗಳೂರು, ನಾನು ಇಲ್ಲಿ. "ಓಡ್ಸೋರು ಯಾರಿದಾರೆ? ನಿಲ್ಸಿಟ್ರೆ ಸೀಲೆಲ್ಲ ಒಣಗಿ ಹಾಳಾಗ್ತದೆ. ಓಡ್ಸೋರ ಹತ್ರ ಇರ್ಲಿ." ಅಷ್ಟೇ ಹೇಳಿ, ಮತ್ತೆ ಕಾರಿನ ವಿಷಯಕ್ಕೆ ಬಂದ. ನನಗೇ ಮುಂದಿನ ಮಾತು ತಕ್ಷಣ ಬರಲಿಲ್ಲ.

ಅವತ್ತು ರಾತ್ರಿ ಬಿಚ್ಚಿದಾಗ ಕಂಡದ್ದು ನಿಮಗೆ ಆಗಲೇ ಹೇಳಿದ್ದೀನಿ. ಬಲಗಡೆ ಓ-ರಿಂಗ್ ಒಂದು ಕಡೆ ಹಿಸಿದುಹೋಗಿತ್ತು. ಕಟ್ಟುವಾಗ ಗ್ರೀಸ್ ಸವರದೆ ತುರುಕಿದ್ದು ನಾನೇ. ಎಣ್ಣೆಯೆಲ್ಲ ಗೇರ್‌ಬಾಕ್ಸಿನ ಒಳಗೋಡೆಗೆ ಧೂಳಿನ ಜೊತೆ ಅಂಟಿಕೊಂಡಿತ್ತು. ಹೊರಗೆ ಒಂದು ಹನಿಯೂ ಇಲ್ಲ. ಮೂವತ್ತು ಪೆನ್ನಿಯ ರಬ್ಬರ್ ಉಂಗುರಕ್ಕೋಸ್ಕರ ನಾನು ಟೈರು, ಬ್ಯಾಟರಿ, ಸ್ಪ್ರಿಂಗು ಅಂತ ಎಪ್ಪತ್ತು ಪೌಂಡಿನ ಹತ್ತಿರ ಸುರಿದಿದ್ದೆ.

ಹೊಸ ಓ-ರಿಂಗ್, ಗ್ರೀಸು, 5,000ದ ಎಣ್ಣೆ. ಈ ಸಲ ಇನ್ನೊಂದು ಕೆಲಸ ಮಾಡಿದೆ: ಮುಚ್ಚಿದ ಡಿಫನ್ನು ಅಡುಗೆಯ ಡಿಜಿಟಲ್ ತಕ್ಕಡಿಯಲ್ಲಿಟ್ಟು ತೂಕ ಬರೆದಿಟ್ಟುಕೊಂಡೆ. ಮುಂದಿನ ಸಲ ಸಂಶಯ ಬಂದರೆ ತೂಗಿದರಾಯ್ತು. (ತಕ್ಕಡಿಯ ವಿಷಯ ಹೆಂಡತಿಗೆ ಇನ್ನೂ ಗೊತ್ತಿಲ್ಲ. ಈಗ ಗೊತ್ತಾಯ್ತು.) ಹಳೇ ಟೈರು, ಹಳೇ ಬ್ಯಾಟರಿಯನ್ನೇ ವಾಪಸ್ ಹಾಕಿದೆ, ಏನು ಬದಲಾಯ್ತು ಅಂತ ಗೊತ್ತಾಗಬೇಕಲ್ಲ.

ಭಾನುವಾರ ಹೇರ್‌ಪಿನ್ ದಾಟಿ ಥ್ರಾಟಲ್ ಒತ್ತಿದೆ. ಕಾರು ಎರಡೂ ದಿಬ್ಬ ಒಂದೇ ನೆಗೆತಕ್ಕೆ ದಾಟಿ ಮೆತ್ತಗೆ ಇಳಿಯಿತು. ಸಿ ಫೈನಲ್‌ನಲ್ಲಿ ಹತ್ತರಲ್ಲಿ ಐದನೆಯವನು ಅಂದರೆ ದೊಡ್ಡ ಸಾಧನೆ ಏನಲ್ಲ. ಆ ಹುಡುಗಿ ಎ ಫೈನಲ್ ಓಡಿಸ್ತಾಳೆ. ಆದರೂ ಮಾವನಿಗೆ ವಿಡಿಯೋ ಕಳಿಸಿದೆ. ಎರಡು ನಿಮಿಷದಲ್ಲಿ ವಾಪಸ್ ಧ್ವನಿಸಂದೇಶ ಬಂತು. "ಎಣ್ಣೇನೇ ಅಲ್ವಾ? ನಾ ಹೇಳ್ಲಿಲ್ವಾ!"

ಏಪ್ರಿಲ್‌ನಲ್ಲಿ ಊರಿಗೆ ಹೋಗ್ತಿದ್ದೀವಿ. ಬಾಲ್ ಡಿಫ್ಫಿನ ಹಳೇ ಬಗ್ಗಿಯನ್ನು ಸೂಟ್‌ಕೇಸಿಗೆ ಹಾಕ್ತೀನಿ. ಹೊಸ ಉಂಗುರ, ಹೊಸ ಗುಂಡು, ಎರಡೂ ಬಗೆಯ ಗ್ರೀಸು ತರಿಸಿಟ್ಟಿದ್ದೀನಿ, ಬಿಡಿಬಿಡಿಯಾಗೇ ತಗೊಂಡು ಹೋಗ್ತೀನಿ. ಜಗಲಿ ಮೇಲೆ ಟವೆಲ್ ಹಾಸಿ ಮಾವ ಕಟ್ಟಲಿ. ಅವನಿಗೆ ಕನ್ನಡಕ ಬೇಕಾಗುತ್ತೆ, ಅತ್ತೆಯ ಸಾಸಿವೆ ಬಟ್ಟಲೂ ಬೇಕಾಗುತ್ತೆ. ಅದನ್ನು ಕೇಳೋ ಕೆಲಸ ಮಾತ್ರ ಅವನಿಗೇ ಬಿಡ್ತೀನಿ.